ಹಾಗರಳ ಪಾಠ ಯಾರಿಗೆ?

ಪತ್ರ: ಸಂಡೇ ಸ್ಕೂಲಿನಲ್ಲಿ ಬೈಬಲಿನ ಕಪ್ಪು ಹೆಣ್ಣುಮಕ್ಕಳ ಬಗ್ಗೆ ಪಾಠ ಮಾಡಬೇಕೆಂದಿದ್ದೆ. ನಮ್ಮ ಸಭೆಯ ಹಿರಿಯರೊಬ್ಬರು "ಬೈಬಲಿನಲ್ಲಿ ಬಣ್ಣ ಯಾಕೆ ಹುಡುಕ್ತೀರಿ? ಹಾಗರಳಿಂದ ತಾಳ್ಮೆ, ವಿಧೇಯತೆ ಕಲಿಸಿದರೆ ಸಾಕು" ಎಂದರು. ನೀವೇನು ಹೇಳುತ್ತೀರಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೇಡಂ, ಹಿರಿಯರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಅಬ್ರಾಮನ ಮನೆಯ ದಾಸಿ ಹಾಗರಳು ಐಗುಪ್ತದವಳು, ಅಂದರೆ ಈಜಿಪ್ಟಿನವಳು ಎಂದಷ್ಟೇ ಬರೆದಿದೆ, ಮೈಬಣ್ಣ ಹೇಳಿಲ್ಲ. ಒಪ್ಪೋಣ. ಆದರೆ ಕ್ಯಾಲೆಂಡರಿನ ಚಿತ್ರದಲ್ಲಿ ಅವಳು ಬೆಳ್ಳಗೆ ನಿಂತಾಗ ಯಾರೂ ಬಣ್ಣದ ಮಾತು ಎತ್ತುವುದಿಲ್ಲ, ಅಲ್ವಾ?

ನನ್ನ ತಕರಾರು ಆ ವಿಧೇಯತೆಯ ಪಾಠದ ಮೇಲೆ. ಆದಿಕಾಂಡ 16ರಲ್ಲಿ ದೇವದೂತ ಅವಳನ್ನು ಯಜಮಾನಿಯ ಬಳಿಗೆ ವಾಪಸ್ ಕಳಿಸಿದ್ದು ಎಲ್ಲರಿಗೂ ಬಾಯಿಪಾಠ. ಅವಳು ಓಡಿಹೋದದ್ದು ಯಾಕೆ ಎಂಬುದನ್ನು ಬೇಗ ದಾಟಿಬಿಡುತ್ತೇವೆ. ಮಗು ಬೇಕೆಂದು ದಾಸಿಯನ್ನು ಗಂಡನಿಗೆ ಕೊಟ್ಟವಳು ಸಾರಯಳು. ಒಪ್ಪಿಕೊಂಡವನು ಅಬ್ರಾಮ. ಹಾಗರಳನ್ನು ಕೇಳಿದವರು ಯಾರೂ ಇಲ್ಲ. ಅವಳು ಬಸುರಿಯಾದ ಮೇಲೆ ಕಾಟ ಕೊಟ್ಟವಳೂ ಸಾರಯಳೇ, ಅದಕ್ಕೇ ಓಡಿದಳು. ಗಂಡ ಹೆಂಡತಿ ಇಬ್ಬರ ಬಾಯಲ್ಲೂ ಅವಳ ಹೆಸರು ಒಮ್ಮೆಯೂ ಬರುವುದಿಲ್ಲ, ಗಮನಿಸಿದ್ದೀರಾ? ಹೆಸರು ಹಿಡಿದು ಕರೆದದ್ದು ದೇವದೂತ. ಅವಳೋ, ದೇವರಿಗೇ ಹೆಸರಿಟ್ಟಳು: ನನ್ನನ್ನು ನೋಡುವ ದೇವರು. ಬೈಬಲಿನಲ್ಲಿ ಆ ಧೈರ್ಯ ಮಾಡಿದವರಲ್ಲಿ ಅವಳೇ ಮೊದಲಿಗಳು. ಕೊನೆಗೆ ರೊಟ್ಟಿ, ಒಂದು ತಿತ್ತಿ ನೀರು ಕೊಟ್ಟು ಮಗನ ಸಮೇತ ಬೇರ್ಷೆಬದ ಕಾಡಿಗೆ ಅಟ್ಟಿದರು. ಪಾಠ ಕಲಿಯಬೇಕಾದವರು ಅವಳೋ, ಆ ಮನೆಯವರೋ?

ಅಮೆರಿಕದ ಗುಲಾಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಯಜಮಾನನಿಂದ ಮಕ್ಕಳು, ಯಜಮಾನಿಯಿಂದ ಹೊಡೆತ, ಎಷ್ಟೋ ಜನರ ಬದುಕೇ ಅದಾಗಿತ್ತು. ಎಡ್ಮೋನಿಯಾ ಲೂಯಿಸ್ ಎಂಬ ಕಪ್ಪು ಶಿಲ್ಪಿ ರೋಮಿನಲ್ಲಿದ್ದುಕೊಂಡು 1875ರಲ್ಲಿ ಹಾಗರಳನ್ನು ಅಮೃತಶಿಲೆಯಲ್ಲಿ ಕಡೆದರು. ಕೈಮುಗಿದು ಮುಖ ಮೇಲೆತ್ತಿದ ಹೆಂಗಸು, ಕಾಲ ಬಳಿ ಉರುಳಿದ ಹೂಜಿ. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಮಕ್ಕಳಿಗೆ ಆ ಚಿತ್ರ ತೋರಿಸಿ. ಅದರಲ್ಲಿ ವಿಧೇಯತೆ ಎಲ್ಲಿದೆ ಅಂತ ಅವರೇ ಹುಡುಕಲಿ.

ಬಣ್ಣದ ಮಾತೇ ಬೇಕಿದ್ದರೆ ಬೈಬಲಿನ ಅರಣ್ಯಕಾಂಡದ 12ನೇ ಅಧ್ಯಾಯ ತೆಗೆಯಿರಿ. ಇಸ್ರಾಯೇಲರ ನಾಯಕ ಮೋಶೆ ಕೂಷ್ ದೇಶದ, ಅಂದರೆ ಇಂದಿನ ಸುಡಾನ್ ಕಡೆಯ ಹೆಣ್ಣನ್ನು ಮದುವೆಯಾದ ಅಂತ ಅಕ್ಕ ಮಿರ್ಯಾಮಳೂ ಅಣ್ಣ ಆರೋನನೂ ಗೊಣಗಿದರು. ಮಿರ್ಯಾಮಳಿಗೆ ಕುಷ್ಠ ಬಂತು, ಮೈ ಹಿಮದಷ್ಟು ಬೆಳ್ಳಗಾಯಿತು! ಏಳು ದಿನ ಪಾಳೆಯದ ಹೊರಗೆ. (ಆರೋನನಿಗೆ ಏನೂ ಆಗಲಿಲ್ಲ. ಯಾಕೆ ಅಂತ ಹುಡುಗಿಯರು ಖಂಡಿತ ಕೇಳುತ್ತಾರೆ. ಕೇಳಲಿ.) ಇಷ್ಟೆಲ್ಲ ನಡೆದರೂ ಆ ಅಧ್ಯಾಯದಲ್ಲಿ ಕೂಷಿನ ಹೆಂಡತಿಗೆ ಹೆಸರಿಲ್ಲ, ಒಂದು ಮಾತೂ ಇಲ್ಲ.

ರಾಜ ಸೊಲೊಮೋನನನ್ನು ನೋಡಲು ಬಂದ ಶೆಬದ ರಾಣಿಯ ಪಾಠವನ್ನಾದರೆ ಎಲ್ಲರೂ ಖುಷಿಯಿಂದ ಮಾಡುತ್ತಾರೆ. 120 ತಲಾಂತು, ಅಂದರೆ ಸುಮಾರು ನಾಲ್ಕು ಟನ್ ಬಂಗಾರ ತಂದವಳಿಗೆ ಯಾರು ಬಾಗಿಲು ಹಾಕ್ತಾರೆ, ಹೇಳಿ?

ಇದು ದೂರದ ಕಥೆ ಅಂತ ಹಿರಿಯರು ಅಂದುಕೊಂಡಿದ್ದರೆ ಹಳಿಯಾಳ, ಯಲ್ಲಾಪುರದ ಕಡೆ ಹೋಗಿಬರಲಿ. ಅಲ್ಲಿ ಸಿದ್ದಿ ಕ್ರೈಸ್ತರಿದ್ದಾರೆ. ಅವರ ಪೂರ್ವಜರಲ್ಲಿ ಎಷ್ಟೋ ಜನರನ್ನು ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದರು. ಇನ್ನು ನಮ್ಮ 'ವಧು ಬೇಕಾಗಿದ್ದಾಳೆ' ಕಾಲಂ: ಪದವೀಧರೆ, ದೈವಭಕ್ತೆ, ಬೆಳ್ಳಗಿರಬೇಕು. ಬಣ್ಣ ಹುಡುಕುವುದು ಯಾರು ಸ್ವಾಮಿ?

ನಿಮ್ಮ ಮೇಲೂ ಒಂದು ದೂರು ಇದೆ, ಮೇಡಂ. ಇಷ್ಟು ಒಳ್ಳೆಯ ಪಾಠಕ್ಕೆ ಅಪ್ಪಣೆ ಕೇಳಲು ಹೋದದ್ದು ಯಾಕೆ? ಸುಮ್ನೆ ಶುರು ಮಾಡಿ. ಮಕ್ಕಳು ಏನೇನು ಕೇಳಿದರು ಅಂತ ನಮಗೂ ಬರೆಯಿರಿ, ಅಚ್ಚು ಹಾಕೋಣ.