ಆರಡಿ-ನಾಲ್ಕಡಿ ಹಲಗೆಯ ಮೇಲೆ ಟಾಸ್ಕ್ ಫೋರ್ಸ್ 58: ಮೊದಲು ಟೇಪು, ಆಮೇಲೆ ಅಂಟು

ನಮಸ್ಕಾರ ಸರ್. ನೀವು ಕೇಳಿದ್ದು ಇಷ್ಟು: ಆರಡಿ-ನಾಲ್ಕಡಿ ಪ್ಲೈವುಡ್ ಇದೆ. 1/700 ಅಳತೆಯ ಕಿಟ್‌ಗಳಲ್ಲಿ ಒಂದು ಎಸೆಕ್ಸ್ ವರ್ಗದ ಕ್ಯಾರಿಯರ್ (ವಿಮಾನವಾಹಕ ಹಡಗು), ಒಂದು ಇಂಡಿಪೆಂಡೆನ್ಸ್ ವರ್ಗದ ಸಣ್ಣ ಕ್ಯಾರಿಯರ್, ಒಂದು ಕ್ಲೀವ್‌ಲ್ಯಾಂಡ್ ಕ್ರೂಸರ್, ನಾಲ್ಕು ಫ್ಲೆಚರ್ ಡಿಸ್ಟ್ರಾಯರ್ ಇವೆ. 1944ರ ಜೂನ್ 19ರಂದು ಫಿಲಿಪ್ಪೀನ್ ಸಮುದ್ರದಲ್ಲಿ ಜಪಾನೀಯರನ್ನು ಎದುರಿಸಿದ ಅಮೆರಿಕದ ಕ್ಯಾರಿಯರ್ ಪಡೆ, ಅಂದರೆ ಟಾಸ್ಕ್ ಫೋರ್ಸ್ 58, ಹಲಗೆಯ ಮೇಲೆ ಬರಬೇಕು. ಯಾವ ಹಡಗು ಎಲ್ಲಿ, ಎಷ್ಟು ದೂರದಲ್ಲಿ, ಯಾವ ಬಣ್ಣದಲ್ಲಿ?

ಅಂಟಿನ ಟ್ಯೂಬ್ ತೆರೆಯುವ ಮೊದಲು ಟೇಪು ಹಿಡಿಯಿರಿ. ಟಾಸ್ಕ್ ಫೋರ್ಸ್ ಒಂದೇ ಗುಂಪಾಗಿ ಸಾಗುತ್ತಿರಲಿಲ್ಲ. ಅದನ್ನು ಟಾಸ್ಕ್ ಗ್ರೂಪ್‌ಗಳಾಗಿ ಒಡೆದಿದ್ದರು, ಪ್ರತಿ ಗ್ರೂಪೂ ಒಂದು ವೃತ್ತ. ಆ ದಿನ ಒಂದೊಂದು ವೃತ್ತದ ವ್ಯಾಸ 4 ನಾಟಿಕಲ್ ಮೈಲಿ. ಒಂದು ವೃತ್ತದ ನಡುಬಿಂದುವಿನಿಂದ ಇನ್ನೊಂದರ ನಡುಬಿಂದುವಿಗೆ 12ರಿಂದ 15 ಮೈಲಿ. 1/700ರಲ್ಲಿ ನಾಲ್ಕು ಮೈಲಿ ಅಂದರೆ ಹತ್ತೂವರೆ ಮೀಟರ್ ಆಯಿತು. ನಿಮ್ಮ ಹಲಗೆಯ ಈ ತುದಿಯಿಂದ ಆ ತುದಿಗೆ ಆ ಅಳತೆಯಲ್ಲಿ 1,280 ಮೀಟರ್ ಮಾತ್ರ, ಮುಕ್ಕಾಲು ನಾಟಿಕಲ್ ಮೈಲಿಯೂ ಇಲ್ಲ. ಏಳು ಹಡಗುಗಳನ್ನು ಅದರೊಳಗೆ ತುರುಕಿದರೆ ಕಾಣುವುದು ಸಂತೆಗೆ ಹೊರಟ ಗಾಡಿಗಳ ಸಾಲು, ಟಾಸ್ಕ್ ಗ್ರೂಪ್ ಅಲ್ಲ. ಈ ಅಂತರ ಸುಮ್ಮನೆ ಇಟ್ಟಿದ್ದಲ್ಲ. ಒಂದು ಹಡಗಿನ ವಿಮಾನನಿರೋಧಕ ಗುಂಡು ಪಕ್ಕದ ಹಡಗಿನ ಮೇಲಿನ ಆಕಾಶವನ್ನೂ ಕಾಯಬೇಕು. ಜೊತೆಗೆ ಇಪ್ಪತ್ತೈದು-ಮೂವತ್ತು ನಾಟ್ ವೇಗದಲ್ಲಿ ಎಲ್ಲವೂ ಒಟ್ಟಿಗೆ ತಿರುಗಿದಾಗ ಒಂದಕ್ಕೊಂದು ಡಿಕ್ಕಿ ಹೊಡೆಯಬಾರದು.

ಹಾಗಾದರೆ ಏನು ಮಾಡಬಹುದು? ವೃತ್ತವೇ ಬೇಕು ಅಂದರೆ 1/6000ಕ್ಕೆ ಇಳಿಯಿರಿ. ಅಲ್ಲಿ ನಾಲ್ಕು ಮೈಲಿ 123 ಸೆಂಟಿಮೀಟರ್. ನಿಮ್ಮ ಹಲಗೆಯ ಅಗಲ 122. ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಎಸೆಕ್ಸ್ ವರ್ಗದ ಹಡಗು (872 ಅಡಿ) 44 ಮಿಲಿಮೀಟರ್ ಆಗುತ್ತದೆ, ಫ್ಲೆಚರ್ (376 ಅಡಿ) 19 ಮಿಲಿಮೀಟರ್. ಸಣ್ಣದು ಅನ್ನಿಸಬಹುದು, ಆದರೆ ಸಮುದ್ರ ಎಷ್ಟು ಖಾಲಿ ಎಂಬುದು ಕಣ್ಣಿಗೆ ಬೀಳುವುದು ಈ ಅಳತೆಯಲ್ಲೇ.

ಟಾಸ್ಕ್ ಫೋರ್ಸ್ 58ರ ಗ್ರೂಪ್‌ಗಳಲ್ಲಿ ಮೂರನೆಯದು, ಅಂದರೆ ಗ್ರೂಪ್ 58.3, ಆರಿಸಿಕೊಳ್ಳಿ. ಕಾರಣ ಎರಡು. ಟಾಸ್ಕ್ ಫೋರ್ಸ್‌ನ ದಂಡನಾಯಕ ಮಿಟ್ಷರ್ ಇದ್ದ ಲೆಕ್ಸಿಂಗ್ಟನ್, ಅವರ ಮೇಲಧಿಕಾರಿ ಸ್ಪ್ರೂಯನ್ಸ್ ಇದ್ದ ಇಂಡಿಯಾನಾಪೊಲಿಸ್ ಎರಡೂ ಇದರಲ್ಲೇ ಇದ್ದವು. ಎರಡನೆಯದು, ಅಚ್ಚು ಕಡಿಮೆ ಸಾಕು. ಕ್ಯಾರಿಯರ್ ನಾಲ್ಕು: ಎಸೆಕ್ಸ್ ವರ್ಗದ ಲೆಕ್ಸಿಂಗ್ಟನ್, ಹಳೆಯ ಯಾರ್ಕ್‌ಟೌನ್ ವರ್ಗದ ಎಂಟರ್‌ಪ್ರೈಸ್, ಇಂಡಿಪೆಂಡೆನ್ಸ್ ವರ್ಗದ ಪ್ರಿನ್ಸ್‌ಟನ್ ಮತ್ತು ಸ್ಯಾನ್ ಜಸಿಂಟೊ. ಕ್ರೂಸರ್ ಐದು: ಇಂಡಿಯಾನಾಪೊಲಿಸ್, ವಿಮಾನನಿರೋಧಕ ಕ್ರೂಸರ್ ರೀನೊ, ಕ್ಲೀವ್‌ಲ್ಯಾಂಡ್ ವರ್ಗದ ಕ್ಲೀವ್‌ಲ್ಯಾಂಡ್, ಮಾಂಟ್‌ಪೀಲಿಯರ್, ಬರ್ಮಿಂಗ್‌ಹ್ಯಾಮ್. ಡಿಸ್ಟ್ರಾಯರ್ 13, ಹದಿಮೂರೂ ಫ್ಲೆಚರ್ ವರ್ಗವೇ. ಒಟ್ಟು 22 ಹಡಗು, ಅಚ್ಚು ಏಳೇ ಬಗೆ.

ಇಡುವ ಕ್ರಮ: ಹಲಗೆಯ ನಡುವೆ ಮೊಳೆ ಹೊಡೆದು ದಾರ ಕಟ್ಟಿ ಪೆನ್ಸಿಲ್‌ನಿಂದ ಮೂರು ವೃತ್ತ ಎಳೆಯಿರಿ. 18 ಸೆಂಟಿಮೀಟರ್ ತ್ರಿಜ್ಯದ್ದು ಕ್ಯಾರಿಯರ್‌ಗಳಿಗೆ, 36ರದ್ದು ಕ್ರೂಸರ್‌ಗಳಿಗೆ, 60ರದ್ದು ಡಿಸ್ಟ್ರಾಯರ್‌ಗಳಿಗೆ. ಹೊರ ವೃತ್ತದಲ್ಲಿ ಒಂದು ಡಿಸ್ಟ್ರಾಯರ್‌ನಿಂದ ಮುಂದಿನದಕ್ಕೆ ಸುಮಾರು 29 ಸೆಂಟಿಮೀಟರ್ ಬರುತ್ತದೆ, ನಿಜದಲ್ಲಿ ಸುಮಾರು 1,900 ಗಜ. ಒಳಗಿನ ಎರಡು ವೃತ್ತ ಮೇಜಿನ ಅನುಕೂಲಕ್ಕೆ ಕೊಟ್ಟ ಅಳತೆ, ಎರಡು ಸೆಂಟಿಮೀಟರ್ ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಡಿ. ಹೊರಗಿನದು ಮಾತ್ರ ಕೈಬಿಡಬೇಡಿ.

ಇನ್ನು ಎಲ್ಲರೂ ಎಡವುವ ಜಾಗ, ಮೂತಿಯ ದಿಕ್ಕು. ಡಿಸ್ಟ್ರಾಯರ್‌ಗಳನ್ನು ವೃತ್ತದ ಗೆರೆಯ ಗುಂಟ ರಾಟೆಯ ಹಾಗೆ ಸುತ್ತುವಂತೆ ಇಡುತ್ತಾರೆ, ಇಲ್ಲವೇ ಮೂತಿ ಹೊರಗೆ ಮಾಡಿ ಕಾವಲು ನಾಯಿಯ ಹಾಗೆ ನಿಲ್ಲಿಸುತ್ತಾರೆ. ಎರಡೂ ತಪ್ಪು. 22 ಹಡಗಿನ ಮೂತಿಯೂ ಒಂದೇ ದಿಕ್ಕಿಗಿರಬೇಕು. ಆ ದಿಕ್ಕನ್ನು ನಿರ್ಧರಿಸುವುದು ಶತ್ರು ಅಲ್ಲ, ಗಾಳಿ. ಭಾರ ಹೊತ್ತ ವಿಮಾನ ಏಳಬೇಕಾದರೆ ಡೆಕ್ ಮೇಲೆ ಇಪ್ಪತ್ತೈದು-ಮೂವತ್ತು ನಾಟ್ ಎದುರುಗಾಳಿ ಬೇಕು. ಬೀಸುವ ಗಾಳಿ ಹತ್ತು ನಾಟ್ ಇದ್ದರೆ ಉಳಿದದ್ದನ್ನು ಹಡಗು ತನ್ನ ಓಟದಿಂದ ತುಂಬಬೇಕು. ಜೂನ್ 19ರಂದು ಗಾಳಿ ಪೂರ್ವದಿಂದ, ಜಪಾನೀಯರು ಪಶ್ಚಿಮದಲ್ಲಿ. ಅಂದರೆ ವಿಮಾನ ಏರಿಸುವಾಗಲೆಲ್ಲ ಅಮೆರಿಕದ ಹಡಗುಗಳು ಶತ್ರುವಿಗೆ ಬೆನ್ನು ಹಾಕಿ ಪೂರ್ವಕ್ಕೆ ಓಡಬೇಕಾಯಿತು. ಜಪಾನೀ ಹಡಗುಗಳಿಗೆ ಗಾಳಿಗೆ ಎದುರಾಗುವುದೂ ಶತ್ರುವಿನತ್ತ ಸಾಗುವುದೂ ಒಂದೇ ಆಗಿತ್ತು. ಹಲಗೆಯ ಬಲತುದಿ ಪೂರ್ವ ಎಂದು ಗುರುತು ಹಾಕಿ ಎಲ್ಲ ಮೂತಿಯನ್ನೂ ಬಲಕ್ಕೆ ತಿರುಗಿಸಿ, ನೊರೆಯ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿ ಎಡಕ್ಕೆ ಹೋಗಲಿ. ಗಾಳಿಗೆ ತಿರುಗುವ ಗಳಿಗೆಯನ್ನೇ ತೋರಿಸುವ ಆಸೆ ಇದ್ದರೆ ಎಲ್ಲ ಗೆರೆಗಳೂ ಒಂದೇ ಬಗೆಯಲ್ಲಿ ಬಾಗಲಿ. ಗ್ರೂಪ್ ತಿರುಗುವಾಗ ಪ್ರತಿ ಹಡಗೂ ಇದ್ದಲ್ಲೇ ಒಟ್ಟಿಗೆ ತಿರುಗುತ್ತದೆ, ಒಂದರ ಹಿಂದೆ ಒಂದು ಹೋಗುವುದಿಲ್ಲ. ಹಡಗುಗಳ ನಡುವಿನ ದಿಕ್ಕು, ದೂರ ಎರಡೂ ಹಾಗೆಯೇ ಉಳಿಯುತ್ತವೆ.

ಈಗ ಡೆಕ್. ಕಾರವಾರದ ವಿಕ್ರಮಾದಿತ್ಯ ನೋಡಿ ರೂಢಿಯಾದ ಕಣ್ಣಿಗೆ ಓರೆ ಡೆಕ್, ಏರುಮೂತಿ ಸಹಜ ಅನ್ನಿಸುತ್ತದೆ. 1944ರಲ್ಲಿ ಡೆಕ್ ನೇರ, ಒಂದೇ ಪಟ್ಟಿ. ಆದ್ದರಿಂದ ಒಂದು ಹೊತ್ತಿಗೆ ಒಂದೇ ಕೆಲಸ. ಏರಿಸುವ ಹೊತ್ತಿಗೆ ವಿಮಾನಗಳೆಲ್ಲ ಹಿಂಭಾಗದಲ್ಲಿ ಒತ್ತಾಗಿ, ಮುಂಭಾಗ ಖಾಲಿ; ಹಗುರವಾದ ಫೈಟರ್ ಮುಂದೆ, ಡೈವ್ ಬಾಂಬರ್ ನಡುವೆ, ಟಾರ್ಪೆಡೊ ವಿಮಾನ ಕೊನೆಗೆ, ಏಕೆಂದರೆ ಅದಕ್ಕೇ ಉದ್ದ ಓಟ ಬೇಕು. ಇಳಿಸುವ ಹೊತ್ತಿಗೆ ಇದು ತಿರುಗಾಮುರುಗಾ: ಹಿಂಭಾಗ ಖಾಲಿ, ಇಳಿದದ್ದನ್ನೆಲ್ಲ ತಂತಿ ತಡೆಯ ಆಚೆ ಮುಂದಕ್ಕೆ ತಳ್ಳಿ ನಿಲ್ಲಿಸಿರುತ್ತಾರೆ. ಎರಡೂ ಕಡೆ ವಿಮಾನ ತುಂಬಿಸಿ ನಡುವೆ ಒಂದು ಹಾರುತ್ತಿರುವಂತೆ ಮಾಡಿದ ಮಾದರಿಗಳು ಬೇಕಾದಷ್ಟಿವೆ, ಅನುಸರಿಸಬೇಡಿ.

ಅದರಲ್ಲೂ ಜೂನ್ 19ರ ದಿನದ ಡೆಕ್ ಬೇರೆಯೇ. ಬೆಳಿಗ್ಗೆ ಹತ್ತರ ಹೊತ್ತಿಗೆ ರೇಡಾರ್ ಸುಮಾರು 150 ಮೈಲಿ ದೂರದಲ್ಲಿ ಮೊದಲ ದಾಳಿಯನ್ನು ಹಿಡಿದ ಮೇಲೆ ಫೈಟರ್‌ಗಳನ್ನೆಲ್ಲ ಏರಿಸಿದರು. ಅವು ಇಳಿದು ಪೆಟ್ರೋಲ್, ಗುಂಡು ತುಂಬಿಸಿಕೊಂಡು ಮತ್ತೆ ಏರಲು ಡೆಕ್ ಬಿಡುವಾಗಿರಲಿ ಎಂದು ಬಾಂಬರ್‌ಗಳನ್ನು ಪೂರ್ವಕ್ಕೆ ಕಳಿಸಿ ದೂರ ಇರಿಸಿದರು. ಹಾಗಾಗಿ ಮಧ್ಯಾಹ್ನದ ದೃಶ್ಯ ಮಾಡುತ್ತೀರಾದರೆ ಡೆಕ್ ಮೇಲೆ ಎಫ್6ಎಫ್ ಹೆಲ್‌ಕ್ಯಾಟ್ ಬಿಟ್ಟು ಬೇರೇನೂ ಬೇಡ. ಡೆಕ್ಕಿನ ಅಂಚಿನಲ್ಲಿರುವ ರೇಡಿಯೊ ಜಾಲರಿ ಕಂಬಗಳು ಹಾರಾಟದ ಹೊತ್ತಿಗೆ ಹೊರಕ್ಕೆ ಮಲಗಿರಬೇಕು. ಕಿಟ್‌ನ ಚಿತ್ರದಲ್ಲಿ ನೆಟ್ಟಗೆ ತೋರಿಸಿದ್ದಾರೆ ಎಂದು ಅಂಟಿಸಿಬಿಟ್ಟರೆ ಅದು ಹಾರಾಟ ಇಲ್ಲದ ಹೊತ್ತಿನ ಹಡಗು.

ರೆಕ್ಕೆ ಮಡಿಸುವಲ್ಲೂ ಎಚ್ಚರ. ಹೆಲ್‌ಕ್ಯಾಟ್ ಫೈಟರ್, ಅವೆಂಜರ್ ಟಾರ್ಪೆಡೊ ವಿಮಾನ ಎರಡರ ರೆಕ್ಕೆಯೂ ಹಿಂದಕ್ಕೆ ತಿರುಗಿ ಮೈಗೆ ಒತ್ತಿಕೊಳ್ಳುತ್ತದೆ, ಕೂತ ಹಕ್ಕಿಯ ಹಾಗೆ. ಹೆಲ್‌ಡೈವರ್ ಡೈವ್ ಬಾಂಬರ್, ಕೋರ್ಸೇರ್ ಫೈಟರ್‌ಗಳದ್ದು ಮೇಲಕ್ಕೆ ಏಳುತ್ತದೆ. ಹಳೆಯ ಡೈವ್ ಬಾಂಬರ್ ಎಸ್‌ಬಿಡಿ ಡಾಂಟ್‌ಲೆಸ್‌ಗೆ ಮಡಿಸುವ ರೆಕ್ಕೆಯೇ ಇಲ್ಲ. ಆ ದಿನ ಎಸ್‌ಬಿಡಿ ಮುಖ್ಯವಾಗಿ ಉಳಿದಿದ್ದದ್ದು ಲೆಕ್ಸಿಂಗ್ಟನ್, ಎಂಟರ್‌ಪ್ರೈಸ್ ಎರಡರಲ್ಲಿ, ಉಳಿದ ದೊಡ್ಡ ಕ್ಯಾರಿಯರ್‌ಗಳಲ್ಲಿ ಹೆಚ್ಚಾಗಿ ಹೆಲ್‌ಡೈವರ್. ನಿಮ್ಮ 1/700 ಕಿಟ್‌ನಲ್ಲಿ ಹೆಲ್‌ಕ್ಯಾಟ್‌ನ ಬಿಚ್ಚಿದ ರೆಕ್ಕೆ ಸುಮಾರು 18.7 ಮಿಲಿಮೀಟರ್, ಮಡಿಸಿದರೆ 7. ಅಡಿಪಟ್ಟಿ ಇಟ್ಟು ನೋಡಿ. ಕಿಟ್ ಜೊತೆ ಕೋರ್ಸೇರ್ ಕೊಟ್ಟಿದ್ದರೆ ಡಬ್ಬಕ್ಕೇ ಹಾಕಿಡಿ. ಎಂಟರ್‌ಪ್ರೈಸ್ ಮೇಲಿದ್ದ ಬೆರಳೆಣಿಕೆಯ ರಾತ್ರಿ ಫೈಟರ್‌ಗಳಂಥವು ಬಿಟ್ಟರೆ ಅದು ಕ್ಯಾರಿಯರ್‌ಗಳಿಗೆ ಬಂದದ್ದು ಆ ವರ್ಷದ ಕೊನೆಗೆ.

ಹಡಗಿನ ಬಣ್ಣ: ಲೆಕ್ಸಿಂಗ್ಟನ್‌ಗೆ ಯುದ್ಧದುದ್ದಕ್ಕೂ ಚಿತ್ತಾರದ ಬಣ್ಣ ಬಳಿಯಲಿಲ್ಲ. ಅದರದ್ದು ನೌಕಾಪಡೆಯ ಬಣ್ಣದ ಕ್ರಮಗಳಲ್ಲಿ ಮೆಷರ್ 21, ಅಂದರೆ ಮೈಯೆಲ್ಲ ಗಾಢ ನೇವಿ ನೀಲಿ. 'ನೀಲಿ ಭೂತ' ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಹೊಸಬರಿಗೆ ಇದೇ ಸುಲಭ. ಮರದ ಡೆಕ್‌ಗೆ ಕಂದು ಬಣ್ಣ ಬಳಿಯಬೇಡಿ, ಅದು ಯುದ್ಧಕ್ಕೆ ಮೊದಲಿನ ಮಾತು. 1944ರಲ್ಲಿ ಡೆಕ್ಕಿಗೂ ನೀಲಿ ಸ್ಟೇನ್. ಡಬ್ಬಿಯಿಂದ ತೆಗೆದ ನೀಲಿಯನ್ನು ಹಾಗೇ ಹಚ್ಚಿದರೆ ಇಷ್ಟು ಸಣ್ಣ ಮಾದರಿಯ ಮೇಲೆ ಕಪ್ಪಾಗಿ ಕಾಣುತ್ತದೆ. ಹತ್ತು ಹನಿಗೆ ಎರಡು ಹನಿ ತಿಳಿ ಬೂದು ಬೆರೆಸಿ. ವಿಮಾನಗಳಿಗೆ ಆ ಕಾಲದ ಮೂರು ಬಣ್ಣ: ಮೇಲೆ ಗಾಢ ನೀಲಿ, ಪಕ್ಕಕ್ಕೆ ನಡುನೀಲಿ, ಹೊಟ್ಟೆ ಬಿಳಿ. ಪೂರ್ತಿ ಹೊಳೆಯುವ ನೀಲಿ ಎಲ್ಲೆಡೆ ಕಾಣಿಸಿದ್ದು ಇದಾದ ಮೇಲೆ. ಬಿಳಿ ನಕ್ಷತ್ರದ ನಡುವೆ ಕೆಂಪು ಚುಕ್ಕಿ ಇರುವ ಡೆಕಾಲ್ ಬಂದಿದ್ದರೆ ಬಿಸಾಡಿ, ಜಪಾನಿನ ಗುರುತೆಂದು ಗೊಂದಲ ಆಗಬಾರದೆಂದು 1942ರ ಮೇ ತಿಂಗಳಲ್ಲೇ ಅದನ್ನು ತೆಗೆದಿದ್ದರು.

ಎಸೆಕ್ಸ್ ಕಿಟ್‌ನ ಮೂತಿ ನೋಡಿ. ಮೂತಿಯಲ್ಲಿ 40 ಮಿಲಿಮೀಟರ್ ನಾಲ್ಕುನಳಿಗೆಯ ತೋಪು ಒಂದೇ ಇದ್ದರೆ ಗಿಡ್ಡ ಮೂತಿಯದು, ಸರಿ. ಎರಡಿದ್ದರೆ ಉದ್ದ ಮೂತಿಯ ಟೈಕಾಂಡರೋಗ, ಹ್ಯಾನ್‌ಕಾಕ್ ಬಗೆಯದು. ಆ ಬಗೆಯ ಯಾವುದೂ ಜೂನ್ ಕಾಳಗಕ್ಕೆ ಬಂದಿರಲಿಲ್ಲ.

ಇಷ್ಟು ಹೇಳಿದ ಮೇಲೂ ಇರುವ 1/700 ಕಿಟ್‌ಗಳನ್ನು ಬಿಡಲು ಮನಸ್ಸಾಗದು, ಗೊತ್ತು. ಅವಕ್ಕೆ ಒಪ್ಪುವ ದೃಶ್ಯ ಎರಡಿವೆ. ಒಂದು, ವಿಮಾನ ಇಳಿಸುತ್ತಿರುವ ಕ್ಯಾರಿಯರ್, ಅದರ ಹಿಂದೆ ಸುಮಾರು ಸಾವಿರ ಗಜದಲ್ಲಿ ಒಂದು ಡಿಸ್ಟ್ರಾಯರ್, ನೀರಿಗೆ ಬಿದ್ದ ಪೈಲಟ್‌ಗಳನ್ನು ಎತ್ತಿಕೊಳ್ಳಲು. ಸಾವಿರ ಗಜ ಅಂದರೆ 130 ಸೆಂಟಿಮೀಟರ್, ಕ್ಯಾರಿಯರ್ ಉದ್ದ 38. ಎರಡೂ ಸೇರಿ ಕರ್ಣರೇಖೆಯ ಮೇಲೆ ಕೂರುತ್ತವೆ. ಇನ್ನೊಂದು, ನನಗೆ ಹೆಚ್ಚು ಸರಿ ಕಾಣುವುದು, ತೈಲ ತುಂಬಿಸುವ ದೃಶ್ಯ. ಡಿಸ್ಟ್ರಾಯರ್‌ಗಳ ಟ್ಯಾಂಕ್ ಸಣ್ಣದು, ಹೀಗೆ ಓಡಿದರೆ ಕೆಲವೇ ದಿನಕ್ಕೆ ತಳ ಕಾಣುತ್ತದೆ. ಆಗ ತೈಲ ಹಡಗಿನಿಂದ, ಕೆಲವೊಮ್ಮೆ ದೊಡ್ಡ ಯುದ್ಧನೌಕೆ ಅಥವಾ ಕ್ಯಾರಿಯರ್‌ನಿಂದಲೇ ಹೀರಿಕೊಳ್ಳುತ್ತಿದ್ದವು. ಹಡಗುಗಳು ನಿಜವಾಗಿ ಒತ್ತೊತ್ತಾಗಿ ಸಾಗುತ್ತಿದ್ದದ್ದು ಆಗ ಮಾತ್ರ. ನಡುವೆ 60 ಅಡಿ ಬಿಟ್ಟರೆ 26 ಮಿಲಿಮೀಟರ್. ವೇಗ ಹತ್ತು ನಾಟ್ ಆಸುಪಾಸು, ಆದ್ದರಿಂದ ಮೂತಿಯ ನೊರೆ ಕಡಿಮೆ. ಎರಡು ಹಡಗಿನ ನಡುವಿನ ಸಂದಿಯಲ್ಲಿ ಮಾತ್ರ ನೀರು ಕುದಿಯುತ್ತಿರಲಿ. ಕೊಳವೆ ಬಿಗಿದ ತಂತಿಯಂತೆ ಇರಬಾರದು, ಜೋತು ಬಿದ್ದಿರಬೇಕು. ಕಪ್ಪು ಬಣ್ಣ ಹಚ್ಚಿದ ತೆಳು ತಾಮ್ರದ ತಂತಿ ಸಾಕು. ತೈಲ ಸಾಗುವಾಗ ಎರಡೂ ಹಡಗಿನಲ್ಲಿ ಕೆಂಪು 'ಬೇಕರ್' ಬಾವುಟ ಇರಲಿ.

ಇಡೀ ಫೋರ್ಸ್ ಬೇಕೇಬೇಕು ಅಂದರೆ ಅದೇ ಹಲಗೆಯ ಹಿಂಬದಿಯನ್ನು ಭೂಪಟ ಮಾಡಿ: ಒಂದು ಸೆಂಟಿಮೀಟರ್‌ಗೆ ಒಂದು ನಾಟಿಕಲ್ ಮೈಲಿ. ಗ್ರೂಪ್ ಒಂದಕ್ಕೆ 4 ಸೆಂಟಿಮೀಟರ್ ಅಗಲದ ಬಿಲ್ಲೆ. ಬಲತುದಿಯ ಕಡೆ ಉತ್ತರದಿಂದ ದಕ್ಷಿಣಕ್ಕೆ 58.1, 58.3, 58.2, ನಡುವೆ 12-12 ಸೆಂಟಿಮೀಟರ್. 58.3ರ ಪಶ್ಚಿಮಕ್ಕೆ 15 ಸೆಂಟಿಮೀಟರ್‌ನಲ್ಲಿ ಅಡ್ಮಿರಲ್ ಲೀ ಅವರ ಏಳು ಯುದ್ಧನೌಕೆಗಳ 58.7. ಅದರ ಉತ್ತರಕ್ಕೆ 12ರಲ್ಲಿ 58.4. 58.7ರ ಮುಂದೆ ಎರಡು ಡಿಸ್ಟ್ರಾಯರ್, ಸ್ಟಾಕ್‌ಹ್ಯಾಮ್ ಮತ್ತು ಯಾರ್ನಲ್, ರೇಡಾರ್ ಕಾವಲಿಗೆ. ಮೊದಲ ದಾಳಿಯ ಗುರುತು ಹಲಗೆಯ ಎಡತುದಿಯಲ್ಲಿ ಬರುತ್ತದೆ. ಜಪಾನೀ ವಿಮಾನಗಳು ಸುಮಾರು 70 ಮೈಲಿಯಲ್ಲಿ ಗುಂಪು ಕೂಡಿಸಿಕೊಳ್ಳಲು ಹತ್ತು-ಹದಿನೈದು ನಿಮಿಷ ಸುತ್ತು ಹಾಕಿದ್ದರಿಂದ ಹೆಲ್‌ಕ್ಯಾಟ್‌ಗಳಿಗೆ ಎತ್ತರಕ್ಕೇರಲು ಸಮಯ ಸಿಕ್ಕಿತು. ಅಲ್ಲೊಂದು ಗುಂಡುಸೂಜಿ ಚುಚ್ಚಿ. ಮರುದಿನ ಸಂಜೆ ಜಪಾನೀ ಹಡಗುಗಳ ಮೇಲೆ ಅಮೆರಿಕ 216 ವಿಮಾನ ಕಳಿಸಿದ ದೂರ ಸುಮಾರು 275 ಮೈಲಿ. ಅದನ್ನು ಅಳೆದರೆ ಟೇಪು ಹಲಗೆ ದಾಟಿ ನೆಲಕ್ಕೆ ಇಳಿಯುತ್ತದೆ. ಕತ್ತಲಲ್ಲಿ ಮರಳುವಾಗ ಸುಮಾರು 80 ವಿಮಾನ ಪೆಟ್ರೋಲ್ ಮುಗಿದು ನೀರಿಗೆ ಬಿದ್ದೋ ಇಳಿಯುವಾಗ ಅಪ್ಪಳಿಸಿಯೋ ಹೋದದ್ದೇಕೆ ಎಂದು ಯಾರಾದರೂ ಕೇಳಿದರೆ ಆ ಟೇಪನ್ನೇ ತೋರಿಸಿ.

ಕೊನೆಗೆ ನೀರು. 12 ಮಿಲಿಮೀಟರ್ ಪ್ಲೈ ತೆಗೆದುಕೊಂಡು ಎರಡೂ ಬದಿಗೆ, ಅಂಚಿಗೂ, ಪ್ರೈಮರ್ ಹೊಡೆಯಿರಿ. ಒಂದೇ ಬದಿಗೆ ಹೊಡೆದು ಮೇಲೆ ಒದ್ದೆ ಟಿಶ್ಯೂ, ಫೆವಿಕಾಲ್ ಹಾಕಿದರೆ ಮಳೆಗಾಲದಲ್ಲಿ ಹಲಗೆ ಬಾಳೆಲೆಯ ಹಾಗೆ ಬಾಗುತ್ತದೆ. 1/6000ಕ್ಕೆ ಟಿಶ್ಯೂ ಸುಕ್ಕು ಬೇಡವೇ ಬೇಡ, ಅದು ಬೆಟ್ಟದಷ್ಟು ಅಲೆಯಾಗಿ ಕಾಣುತ್ತದೆ. ಸ್ಪಂಜಿನಿಂದ ತಟ್ಟಿದ ಬಣ್ಣದ ಮೇಲೆ ಹೊಳಪು ವಾರ್ನಿಷ್ ಎರಡು ಕೋಟ್ ಸಾಕು. 1/700ಕ್ಕೆ ಟಿಶ್ಯೂ ಸರಿ, ಆದರೆ ಒಂದು ಪದರ ಪೂರ್ತಿ ಒಣಗಿದ ಮೇಲೆ ಮುಂದಿನದು. ಬಣ್ಣ ಆಳ ಸಮುದ್ರದ್ದು, ಕಡು ನೀಲಿಗೆ ತುಸು ಕಪ್ಪು. ಹಸಿರು ಬೆರೆಸಿದರೆ ದಡದ ನೀರಾಗುತ್ತದೆ. ನೊರೆಗೆ ಬಿಳಿ ಅಕ್ರಿಲಿಕ್ ಅನ್ನು ಒಣ ಕುಂಚದಿಂದ ಎಳೆಯಿರಿ, ಮೂತಿಯಲ್ಲಿ ಮಾತ್ರ ಜೆಲ್ ಹಾಕಿ ಎಬ್ಬಿಸಿ. ಹಡಗನ್ನು ಅಂಟಿಸುವುದು ಎಲ್ಲ ಮುಗಿದ ಮೇಲೆ, ತಳಕ್ಕೆ ಎರಡು ಹನಿ ಅಂಟು ಮಾತ್ರ. ಗಾಳಿಯ ದಿಕ್ಕು ತಪ್ಪಾಗಿದೆ ಎಂದು ಆಮೇಲೆ ಗೊತ್ತಾದರೆ ಕಿತ್ತು ತಿರುಗಿಸಲು ಬರಬೇಕಲ್ಲ.