ಮಕ್ಕಳ ಜೊತೆ ‘ಒನಿ’ ನೋಡುವ ಮುಂಚೆ ಜಪಾನಿನ ಪುರಾಣ ಹೇಳಿಕೊಡಬೇಕಾ?

ಮನೆಯಲ್ಲಿ ಆರು ಮತ್ತು ಒಂಬತ್ತು ವರ್ಷದ ಮಕ್ಕಳು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಜಪಾನಿನ ದೇವರುಗಳ ಕಥೆಯ ಅನಿಮೇಷನ್ ಸರಣಿ ‘ಒನಿ: ಥಂಡರ್ ಗಾಡ್ಸ್ ಟೇಲ್’ ನೋಡುವಾಗ ನೀವೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಬೇಕು ಅಂತ ಬರೆದಿದ್ದೀರಿ. ಅದಕ್ಕೆ ಮುಂಚೆ ಇವನು ನಮ್ಮ ಇಂದ್ರ, ಇವರು ನಮ್ಮ ರಾಕ್ಷಸರು ಅಂತ ಹೊಂದಿಸಿ ಪರಿಚಯ ಮಾಡಿಸುವ ಯೋಚನೆ ನಿಮ್ಮದು. ದಯವಿಟ್ಟು ಬೇಡ. ನಾನು ಅಕ್ಕನ ಮಕ್ಕಳಿಗೆ ಅದನ್ನೇ ಮಾಡಿ, ನಾಲ್ಕು ಕಂತಿನ ಸರಣಿಯನ್ನು ಒಂದೇ ಪದದಿಂದ ಕೆಡಿಸಿದೆ.

ಚಿಕ್ಕವನು “ಒನಿ ಅಂದ್ರೆ ಏನು?” ಅಂದ. ನಾನು “ರಾಕ್ಷಸ” ಅಂದೆ. ನಿಘಂಟಿನ ಪ್ರಕಾರ ಅದು ತಪ್ಪಲ್ಲ, ಕಥೆಯ ಪ್ರಕಾರ ಪೂರ್ತಿ ತಪ್ಪು. ರಾಕ್ಷಸ ಎಂದ ಕೂಡಲೇ ನಮ್ಮ ಮಕ್ಕಳ ತಲೆಯಲ್ಲಿ ಬಕಾಸುರ, ಹಿಡಿಂಬ ಬಂದು ನಿಲ್ಲುತ್ತಾರೆ. ಅವರು ಹುಟ್ಟಿನಿಂದಲೇ ರಾಕ್ಷಸರು, ಕಥೆ ಮುಗಿಯುವಷ್ಟರಲ್ಲಿ ಭೀಮನ ಕೈಯಲ್ಲಿ ಸಾಯುವವರು. ಆಮೇಲೆ ಮಗು ಕಥೆ ನೋಡುವುದಿಲ್ಲ, ವಧೆಗೆ ಕಾಯುತ್ತದೆ. ಈ ಸರಣಿಯಲ್ಲೋ ಒನಿ ಎಂದರೆ ಯಾರು ಎಂಬುದೇ ಗಂಟು. ದೇವತೆಗಳ ಬೆಟ್ಟದವರೆಲ್ಲ ಒನಿಗಳಿಗೆ ಹೆದರುತ್ತಾರೆ, ಒನರಿ ಎಂಬ ಹುಡುಗಿ ಅವರೆದುರು ಹೋರಾಡಲು ಶಕ್ತಿ ಬೇಕೆಂದು ಹಂಬಲಿಸುತ್ತಾಳೆ, ನಡುವೆ ಆ ಪದದ ಅರ್ಥವೇ ಮಗುಚಿ ಬೀಳುತ್ತದೆ. ಹೇಗೆ ಅಂತ ಇಲ್ಲಿ ಬಿಟ್ಟುಕೊಡುವುದಿಲ್ಲ. ಆ ಜಾಗಕ್ಕೆ ಬಂದಾಗ ಮಗುವಿಗೆ ಎದೆ ಝಲ್ ಅನ್ನಬೇಕು. ನಮ್ಮ ಮನೆಯಲ್ಲಿ ಕೇಳಿಬಂದದ್ದು “ರಾಕ್ಷಸ ಅಂದಿದ್ದೆಯಲ್ಲ ಮಾಮ?” ಎಂಬ ದೂರು. ಸರಿಪಡಿಸಲು ಹೋದಷ್ಟೂ ನಾನು ಮೊದಲೇ ಸುಳ್ಳು ಹೇಳಿದ್ದೆ ಅಂತಾಯಿತೇ ಹೊರತು ಕಥೆ ಮತ್ತೆ ಮೇಲೇಳಲಿಲ್ಲ.

ಹಾಗಾಗಿ ಒನಿ ಒನಿಯಾಗಿಯೇ ಇರಲಿ. ಉಚ್ಚಾರ ಹ್ರಸ್ವ ‘ಒ’. ಇಂಗ್ಲಿಷಿನಲ್ಲಿ ಅದು ‘ಓ’ ಆಗಿ ಎಳೆದು ಕೇಳುತ್ತದೆ, ಮಕ್ಕಳು ‘ಓಣಿ’ ಅಂದುಕೊಳ್ಳುತ್ತಾರೆ. ನಮ್ಮ ಲಿಪಿಯಲ್ಲಿ ಎರಡೂ ಇರುವುದರಿಂದ ಒಂದು ಚೀಟಿಯಲ್ಲಿ ಬರೆದು ತೋರಿಸಿ. ಅರ್ಥ ಕೇಳಿದರೆ “ಕಣ್ಣಿಗೆ ಕಾಣದ್ದು, ಎಲ್ಲರೂ ಹೆದರುವಂಥದ್ದು” ಅನ್ನಿ. ಇದು ಜಾರಿಕೊಳ್ಳುವ ಉತ್ತರವಲ್ಲ, ‘ಅಡಗಿದ್ದು’ ಎಂಬ ಪದದಿಂದಲೇ ಒನಿ ಬಂತೆಂಬ ವಿವರಣೆ ಜಪಾನಿನ 10ನೇ ಶತಮಾನದ ನಿಘಂಟಿನಲ್ಲೇ ಇದೆ.

ಇನ್ನೂ ಒಳ್ಳೆಯದು ಬೇಕಾದರೆ ಟಿವಿ ಹಾಕುವ ಮುಂಚೆ ಹತ್ತು ನಿಮಿಷ ಮುಟ್ಟಾಟ ಆಡಿಸಿ. ನಮ್ಮ ಆಟದಲ್ಲಿ ಅಟ್ಟಿಸಿಕೊಂಡು ಹೋಗುವವನನ್ನು ‘ಕಳ್ಳ’ ಅನ್ನುತ್ತೇವೆ, ಜಪಾನಿನ ಮಕ್ಕಳು ಅವನನ್ನೇ ‘ಒನಿ’ ಅನ್ನುತ್ತಾರೆ, ಆಟದ ಹೆಸರು ಒನಿಗೊಕ್ಕೊ. ಮುಟ್ಟಿಸಿಕೊಂಡವನು ಮುಂದಿನ ಒನಿ. ಒನಿತನ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ ಅನ್ನುವುದು ಮಗುವಿನ ಮೈಗೆ ಗೊತ್ತಾದರೆ ಸಾಕು, ಉಳಿದ ಕೆಲಸ ಸರಣಿ ಮಾಡುತ್ತದೆ.

ಗುಡುಗಿನ ದೇವರನ್ನು ಇಂದ್ರ ಅನ್ನುವುದೂ ಬೇಡ. ನಮ್ಮ ಇಂದ್ರನಿಗೆ ಸಿಂಹಾಸನ, ವಜ್ರಾಯುಧ, ಐರಾವತ. ಜಪಾನಿನ ರೈಜಿನ್ ಬೆನ್ನ ಹಿಂದೆ ಬಳೆಯಂತೆ ಜೋಡಿಸಿದ ಡೋಲುಗಳನ್ನು ಬಡಿಯುವವನು. ಕ್ಯೋಟೋದ ಕೆನ್ನಿನ್‌ಜಿ ದೇವಾಲಯದ ಹೆಸರಿನ ಜೊತೆ ಸದಾ ಕೇಳಿಬರುವ, ಚಿತ್ರಕಾರ ಸೊತಾತ್ಸು ಬರೆದ 17ನೇ ಶತಮಾನದ ಮಡಿಸುವ ಪರದೆಯ ಚಿತ್ರದಲ್ಲಿ ಅವನು ಚಿನ್ನದ ಹಿನ್ನೆಲೆಯಲ್ಲಿ ಬಾಯಿ ತೆರೆದು ಕುಣಿಯುತ್ತಿದ್ದಾನೆ. ಸರಣಿಯ ಗುಡುಗಿನ ದೇವರು, ಒನರಿಯ ಅಪ್ಪ ನರಿದೊನ್ ಹೆಚ್ಚೇನೂ ಮಾತಾಡದೆ ಕುಣಿದಾಡುವುದು ಯಾಕೆಂದು ಆ ಚಿತ್ರ ನೋಡಿದರೆ ತಿಳಿಯುತ್ತದೆ. ಇಂದ್ರ ಅಂದುಬಿಟ್ಟರೆ ಮಕ್ಕಳು ಕಿರೀಟ ಎಲ್ಲಿ ಅಂತ ಕೇಳುತ್ತಾರೆ.

ಹೋಲಿಕೆ ಬೇಕೇ ಬೇಕಾದರೆ ದೇವರಿಗೆ ದೇವರನ್ನು ಹೋಲಿಸಬೇಡಿ, ಜನ ಮಾಡುವುದನ್ನು ಹೋಲಿಸಿ. ಗುಡುಗಿದಾಗ ನಮ್ಮಲ್ಲಿ “ಅರ್ಜುನ, ಫಲ್ಗುಣ, ಪಾರ್ಥ” ಅಂತ ಹೆಸರು ಹೇಳುತ್ತೇವೆ. ಜಪಾನಿನಲ್ಲಿ “ಕುವಬರ, ಕುವಬರ” ಅನ್ನುತ್ತಾರೆ. ಆ ಪದದ ಅರ್ಥ ಹಿಪ್ಪುನೇರಳೆ ತೋಟ, ರಾಮನಗರದ ಕಡೆಯ ಮಕ್ಕಳಿಗೆ ಬೇರೆ ವಿವರಣೆಯೇ ಬೇಡ. ಗುಡುಗಿನ ದೇವರು ಹೊಕ್ಕಳು ಕದಿಯುತ್ತಾನೆ ಅಂತ ಅಲ್ಲಿಯ ಮಕ್ಕಳು ಹೊಟ್ಟೆ ಮುಚ್ಚಿಕೊಳ್ಳುತ್ತಾರೆ. ಇದನ್ನು ಒಮ್ಮೆ ಹೇಳಿ ನೋಡಿ, ನಿಮ್ಮ ಆರು ವರ್ಷದವರ ಕೈ ತಾನಾಗಿ ಹೊಟ್ಟೆ ಮೇಲೆ ಹೋಗುತ್ತದೆ.

ನೋಡುವ ಕ್ರಮದ ಬಗ್ಗೆ. ನೆಟ್‌ಫ್ಲಿಕ್ಸ್‌ನಲ್ಲಿ 2022ರ ಅಕ್ಟೋಬರ್‌ನಲ್ಲಿ ಬಂದದ್ದು, ದೈಸುಕೆ ತ್ಸುತ್ಸುಮಿ ಅವರ ಸೃಷ್ಟಿ, ಒಟ್ಟು ಸುಮಾರು ಎರಡೂವರೆ ಗಂಟೆ. ಒಂದೇ ದಿನ ನಾಲ್ಕೂ ಬೇಡ, ದಿನಕ್ಕೊಂದು ಕಂತು ಸಾಕು. ಹಿಂದಿನ ರಾತ್ರಿ ನೀವೊಬ್ಬರೇ ಸಬ್‌ಟೈಟಲ್ ಹಾಕಿ ನೋಡಿಕೊಳ್ಳಿ. ಮಾತಿನ ಮೇಲೆ ಮಾತಾಡಬೇಡಿ, ಎರಡೂ ಕೇಳಿಸುವುದಿಲ್ಲ. ಪಾಜ್ ಒತ್ತಿ ಒಂದು ವಾಕ್ಯ ಹೇಳಿ, ಮತ್ತೆ ಬಿಡಿ. ಕಂತಿಗೆ ಏಳೆಂಟು ಸಲಕ್ಕಿಂತ ಹೆಚ್ಚು ನಿಲ್ಲಿಸಿದರೆ ಮಕ್ಕಳು ಎದ್ದು ಹೋಗುತ್ತಾರೆ. ಅಪ್ಪ–ಮಗಳ ಮೌನದ ದೃಶ್ಯಗಳಲ್ಲಂತೂ ನಿಲ್ಲಿಸಲೇಬೇಡಿ.

ಕನ್ನಡದ ಕಿವಿಗೆ ಎಡವಟ್ಟಾಗುವ ಎರಡು ಪದಗಳಿವೆ, ಇವನ್ನು ಮಾತ್ರ ಮುಂಚೆ ಹೇಳಿ. ನರಿದೊನ್‌ನಲ್ಲಿರುವ ‘ನರಿ’ ಪ್ರಾಣಿಯಲ್ಲ. ಜಪಾನಿ ಭಾಷೆಯಲ್ಲಿ ಗುಡುಗಿಗೆ ಕಮಿನರಿ ಅನ್ನುತ್ತಾರೆ, ಕಮಿ ಎಂದರೆ ದೇವರು, ನರಿ ಎಂದರೆ ಮೊಳಗು. ಸರಣಿಯಲ್ಲಿನ ಮಕ್ಕಳು ಗಳಿಸಬೇಕಾದ ಶಕ್ತಿಯ ಹೆಸರು ‘ಕುಶಿ’, ಅದು ಖುಷಿಯಲ್ಲ. ಬೆಟ್ಟದ ಹೆಸರು ಕಮಿಗಮಿ: ಊರೂರು, ಮನೆಮನೆ ಅಂದ ಹಾಗೆ ಕಮಿಯನ್ನು ಎರಡು ಸಲ ಹೇಳಿದ್ದು, ದೇವರುಗಳು ಎಂದರ್ಥ. ಜಪಾನಿನ ಜನಪದ ಕಥೆಗಳ ನೀರಿನ ಜೀವಿ ಕಪ್ಪಾ ಬಂದಾಗ “ತಲೆ ಮೇಲಿನ ತಟ್ಟೆ ನೋಡು, ಅದರ ನೀರು ಚೆಲ್ಲಿದರೆ ಅವನ ಶಕ್ತಿ ಹೋಯಿತು” ಅಂದರೆ ಸಾಕು.

ಒಂಬತ್ತು ವರ್ಷದವರು ಒನಿಗೆ ಕೊಂಬು ಯಾಕೆ ಅಂತ ಕೇಳಿಯೇ ಕೇಳುತ್ತಾರೆ. ಜಪಾನಿನಲ್ಲಿ ಈಶಾನ್ಯ ದಿಕ್ಕು ಒನಿ ಬರುವ ಬಾಗಿಲು. ಅವರ ದಿಕ್ಕುಗಳ ಲೆಕ್ಕದಲ್ಲಿ ಅದು ಎತ್ತು–ಹುಲಿಗಳ ಮೂಲೆ, ಹಾಗಾಗಿ ಎತ್ತಿನ ಕೊಂಬು, ಹುಲಿಚರ್ಮದ ಚಡ್ಡಿ ಅನ್ನುತ್ತಾರೆ. ನಾವು ದೇವರ ಮನೆ ಕಟ್ಟುವ ಮೂಲೆಯನ್ನೇ ಅವರು ಕಾವಲು ಕಾಯುತ್ತಾರೆ. ಕ್ಯೋಟೋ ಅರಮನೆಯ ಗೋಡೆಯ ಈಶಾನ್ಯ ಮೂಲೆಯನ್ನು ಒಳಕ್ಕೆ ಕತ್ತರಿಸಿ, ಅಲ್ಲಿ ಕೋತಿಯ ಕೆತ್ತನೆ ಕೂರಿಸಿದ್ದಾರೆ.

ಕೊನೆಯ ಕಂತು ಭಾರವಾಗಿದೆ, ಮಲಗುವ ಹೊತ್ತಿಗೆ ಹಾಕಬೇಡಿ, ಸಂಜೆ ಹಾಕಿ. ಮುಗಿದ ಮೇಲೆ ಕಾಳು ಎಸೆಯುವ ಆಟ ಆಡಿಸಿ. ಜಪಾನಿನಲ್ಲಿ ಸಾಮಾನ್ಯವಾಗಿ ಫೆಬ್ರವರಿ 3ರ ಸೆತ್ಸುಬುನ್ ದಿನ ಹುರಿದ ಸೋಯಾಬೀನ್ ಎಸೆದು ಒನಿ ಓಡಿಸುತ್ತಾರೆ. ಒಂದು ಲೋಟ ಕಾಳನ್ನು ರಾತ್ರಿ ನೆನೆಸಿ, ಬಟ್ಟೆ ಮೇಲೆ ಆರಿಸಿ, ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 20–25 ನಿಮಿಷ ಹುರಿಯಿರಿ. ಉರಿ ಜೋರಾದರೆ ಸಿಪ್ಪೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಎಸೆದ ಹಸಿ ಕಾಳು ಮೊಳೆತರೆ ಅಪಶಕುನ ಅಂತಲೇ ಅವರು ಹುರಿಯುವುದು. ಐದು ವರ್ಷದೊಳಗಿನ ಮಕ್ಕಳು ಮನೆಯಲ್ಲಿದ್ದರೆ ಕಾಳು ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಕಾಗದದ ಉಂಡೆ ಕೊಡಿ. ಎಸೆಯುವಾಗ “ಒನಿ ಹೊರಗೆ, ಭಾಗ್ಯ ಒಳಗೆ” ಅಂತ ಕೂಗುವುದು ವಾಡಿಕೆ. ಆದರೆ ಯೊಶಿನೊದ ಕಿಂಪುಸೆನ್‌ಜಿ ದೇವಾಲಯದಲ್ಲಿ “ಭಾಗ್ಯ ಒಳಗೆ, ಒನಿಯೂ ಒಳಗೆ” ಅಂತ ಕೂಗುತ್ತಾರೆ. ಈ ಸರಣಿ ನೋಡಿದ ಮಕ್ಕಳಿಗೆ ಎರಡನೆಯದನ್ನೇ ಹೇಳಿಕೊಡಿ.