ಓದುಗರ ಪ್ರಶ್ನೆ: ಕ್ಯಾರೊಲೈನ್‌ಳ ಶಾಲು

ಹೋದ ಸಂಚಿಕೆಯಲ್ಲಿ ಅಮೆರಿಕದ ‘ದ ವ್ಯಾಂಪೈರ್ ಡೈರೀಸ್’ ಧಾರಾವಾಹಿಯನ್ನು ‘ಲೆಕ್ಕ ತಪ್ಪಿದ ಪ್ರೇಮಕಥೆ’ ಎಂದು ಒಂದೇ ಸಾಲಿನಲ್ಲಿ ಕರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಹಾಸ್ಟೆಲಿನಲ್ಲಿ ನಾವು ಆರು ಜನ ಒಂದೇ ಮೊಬೈಲಿನಲ್ಲಿ ಎಂಟೂ ಸೀಸನ್ ನೋಡಿ ಮುಗಿಸಿದೆವು. ಡೇಮನ್ ಕೊನೆಗೆ ಒಳ್ಳೆಯವನಾದ, ಎಲೆನಾ ಅವನನ್ನು ಕ್ಷಮಿಸಿದಳು. ಇದರಲ್ಲಿ ಲೆಕ್ಕ ತಪ್ಪಿದ್ದೆಲ್ಲಿ? ಪ್ರೀತಿ ಮನುಷ್ಯನನ್ನು ಬದಲಿಸಬಾರದೇ? (ಪದವಿ ವಿದ್ಯಾರ್ಥಿನಿ, ಗಂಗಾವತಿ)

ಉತ್ತರ: ಬದಲಿಸಲಿ, ಬೇಡವೆಂದವರಾರು? ನನ್ನ ತಕರಾರು ಅವನು ಬದಲಾದದ್ದರ ಮೇಲಲ್ಲ. ಪೆಟ್ಟು ತಿಂದವಳು ಒಬ್ಬಳು, ಕ್ಷಮಿಸಿದವಳು ಇನ್ನೊಬ್ಬಳು ಎಂಬುದರ ಮೇಲೆ.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಈ ಧಾರಾವಾಹಿ 2009ರ ಸೆಪ್ಟೆಂಬರ್ 10ರಿಂದ 2017ರ ಮಾರ್ಚ್ 10ರವರೆಗೆ 171 ಕಂತುಗಳಲ್ಲಿ ಪ್ರಸಾರವಾಯಿತು. ವರ್ಜೀನಿಯಾ ರಾಜ್ಯದ ಮಿಸ್ಟಿಕ್ ಫಾಲ್ಸ್ ಎಂಬ ಕಲ್ಪನೆಯ ಊರಿನಲ್ಲಿ, ತಂದೆ ತಾಯಿಯನ್ನು ಕಳೆದುಕೊಂಡ ಹದಿನೇಳರ ಹುಡುಗಿ ಎಲೆನಾ. 1864ರಲ್ಲಿ ಸತ್ತು ರಕ್ತಪಿಪಾಸುಗಳಾಗಿ ಎದ್ದ ಅಣ್ಣ ತಮ್ಮಂದಿರು ಡೇಮನ್ ಮತ್ತು ಸ್ಟೆಫನ್. ತಮ್ಮ ಸ್ಟೆಫನ್ ಪ್ರಾಣಿಗಳ ರಕ್ತದಲ್ಲೇ ದಿನ ನೂಕುವ ಸಂಯಮಿ, ಅಣ್ಣ ಮನುಷ್ಯರ ಕುತ್ತಿಗೆಗೇ ಬಾಯಿ ಹಾಕುವ ಪುಂಡ, ಇಬ್ಬರಿಗೂ ಎಲೆನಾಳ ಮೇಲೆ ಮನಸ್ಸು.

ಎಲೆನಾಳ ಗೆಳತಿ ಕ್ಯಾರೊಲೈನ್‌ಳನ್ನು ನೀವು ಆರೂ ಜನ ಮರೆತಂತಿದೆ. ರಕ್ತಪಿಪಾಸು ಕಣ್ಣಲ್ಲಿ ಕಣ್ಣಿಟ್ಟು ಏನು ಹೇಳಿದರೂ ಎದುರಿನವರು ಅದನ್ನೇ ನಂಬುವ, ಮರೆ ಎಂದರೆ ಮರೆಯುವ ಒಂದು ವಶೀಕರಣ ಈ ಕಥೆಯಲ್ಲಿದೆಯಲ್ಲ, ಡೇಮನ್ ಮೊದಲ ಸೀಸನ್ನಿನಲ್ಲಿ ಅದನ್ನು ಪ್ರಯೋಗಿಸಿದ್ದು ಇವಳ ಮೇಲೆ. ನಾಲ್ಕನೆಯ ಕಂತಿನ ಔತಣಕೂಟದಲ್ಲಿ ಅವಳು ಚೆಂದದ ಉಡುಪಿನ ಮೇಲೆ ಒಂದು ಶಾಲು ಹೊದ್ದಿರುತ್ತಾಳೆ. ಅದು ಜಾರಿದಾಗ ಎಲೆನಾಗೆ ಕಾಣುವುದು ಕಚ್ಚಿದ ಗಾಯಗಳು. ಆ ರಾತ್ರಿ ಅಣ್ಣನನ್ನು ಕೆಡವಲು ಸ್ಟೆಫನ್ ಹೂಡಿದ ಉಪಾಯವೇನು, ನೆನಪಿದೆಯೇ? ರಕ್ತಪಿಪಾಸುಗಳಿಗೆ ವಿಷವಾಗುವ ವರ್ವೇನ್ ಎಂಬ ಮೂಲಿಕೆಯನ್ನು ಅವನು ಡೇಮನ್‌ನ ಲೋಟಕ್ಕೆ ಹಾಕುವುದಿಲ್ಲ, ಕ್ಯಾರೊಲೈನ್‌ಳ ಲೋಟಕ್ಕೆ ಹಾಕುತ್ತಾನೆ. ಅಣ್ಣ ಹೇಗೂ ಅವಳ ರಕ್ತ ಕುಡಿದೇ ಕುಡಿಯುತ್ತಾನೆ ಎಂಬ ಲೆಕ್ಕ ಅದು. ಎಲ್ಲರೂ ಮೆಚ್ಚುವ ಆ ಒಳ್ಳೆಯ ತಮ್ಮನೂ ಗಾಳಕ್ಕೆ ಎರೆಹುಳು ಸಿಕ್ಕಿಸಿದಂತೆ ಆ ಹುಡುಗಿಯನ್ನು ಬಳಸಿಕೊಂಡ ಎಂಬುದನ್ನು ಗಮನಿಸಿದವರು ಕಡಿಮೆ.

ಎರಡನೆಯ ಸೀಸನ್ನಿನಲ್ಲಿ ಅವಳೇ ಸತ್ತು ರಕ್ತಪಿಪಾಸುವಾದಾಗ ಅಳಿಸಿಹೋದ ನೆನಪುಗಳೆಲ್ಲ ಮರಳುತ್ತವೆ, ಏಕೆಂದರೆ ಸತ್ತೆದ್ದವರ ಮೇಲೆ ಹಳೆಯ ವಶೀಕರಣ ನಿಲ್ಲುವುದಿಲ್ಲ. ಅವಳು ಡೇಮನ್‌ನ ಮುಖಕ್ಕೇ ‘ನನಗೆ ಎಲ್ಲವೂ ನೆನಪಿದೆ’ ಎನ್ನುತ್ತಾಳೆ. ಇಡೀ ಧಾರಾವಾಹಿಯಲ್ಲಿ ನನಗೆ ಅತ್ಯಂತ ಸತ್ಯವೆನಿಸಿದ ಮಾತು ಅದು. ಆದರೆ ಕಥೆ ಅಲ್ಲಿ ನಿಲ್ಲಲಿಲ್ಲ, ಮುಂದಿನ ತಿರುವಿಗೆ ಓಡಿತು. ಇವಳ ತಾಯಿ ಆ ಊರಿನ ಪೊಲೀಸ್ ಅಧಿಕಾರಿ. ಆಕೆಗೂ ಡೇಮನ್‌ಗೂ ಗಾಢ ಸ್ನೇಹ ಬೆಳೆಯಿತು, ಆಕೆ ತೀರಿಕೊಂಡಾಗ ಅಂತ್ಯಸಂಸ್ಕಾರದಲ್ಲಿ ನುಡಿನಮನ ಸಲ್ಲಿಸಿದವನೂ ಅವನೇ. ಕೊನೆಯ ಕಂತಿಗೆ ಬನ್ನಿ: ಸ್ಟೆಫನ್ ಅಣ್ಣನನ್ನು ಮತ್ತೆ ಮನುಷ್ಯನನ್ನಾಗಿಸಿ ಅವನ ಬದಲು ತಾನು ಸಾಯುತ್ತಾನೆ. ಆಗಷ್ಟೇ ಸ್ಟೆಫನ್‌ನ ಕೈಹಿಡಿದು ವಿಧವೆಯಾದವಳು ಯಾರು? ಮತ್ತೆ ಕ್ಯಾರೊಲೈನೇ. ಡೇಮನ್‌ನ ಸಾಲ ಎಂಟು ವರ್ಷ ಬೆಳೆಯಿತು, ಅಸಲೂ ಬಡ್ಡಿಯೂ ಸೇರಿ ಅವಳ ತಲೆಯ ಮೇಲೆ ಬಂತು. ಮನ್ನಾ ಮಾಡಿದ ಪುಣ್ಯ ಮಾತ್ರ ಎಲೆನಾಳ ಪಾಲಿಗೆ ಹೋಯಿತು.

ಡೇಮನ್ ತನ್ನ ಪ್ರೀತಿಯನ್ನು ಎಲೆನಾಗೆ ಹೇಳಿ, ಮರುಕ್ಷಣವೇ ಅದನ್ನು ಅವಳ ನೆನಪಿನಿಂದ ಅಳಿಸಿಬಿಡುವ ದೃಶ್ಯ ತ್ಯಾಗದ ಪರಾಕಾಷ್ಠೆ ಎಂದು ಇನ್ನೊಂದು ಪುಟದಲ್ಲಿ ಬರೆದಿದ್ದೀರಿ. ದೃಶ್ಯ ಕಣ್ಣು ಒದ್ದೆ ಮಾಡುತ್ತದೆ, ಒಪ್ಪುತ್ತೇನೆ. ಆದರೂ ಅವಳಿಗೆ ಉತ್ತರ ಕೊಡುವ ಅವಕಾಶವನ್ನೇ ಕೊಡದೆ ನೆನಪನ್ನು ಕದ್ದೊಯ್ದದ್ದು ತ್ಯಾಗ ಹೇಗಾಯಿತೋ ನಾನರಿಯೆ.

ಪ್ರಶ್ನೆ: ಸೂರ್ಯನ ಬೆಳಕಿಗೆ ಸುಟ್ಟುಹೋಗುವ ಈ ಜೀವಿಗಳು ನಮ್ಮ ಕಡೆಯ ಮೇ ತಿಂಗಳಲ್ಲಿ ಏನಾಗುತ್ತಿದ್ದವು? (ನಿವೃತ್ತ ನೌಕರ, ರಾಯಚೂರು)

ಉತ್ತರ: ಮಂತ್ರಿಸಿದ ನೀಲಿ ಕಲ್ಲಿನ ಉಂಗುರವಿದ್ದರೆ ಅವು ಹಗಲಲ್ಲೂ ತಿರುಗಾಡುತ್ತವೆ. ಆದರೆ ರಾಯಚೂರಿನಲ್ಲಿ ಉಂಗುರವಿದ್ದವರೂ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಬರುವುದಿಲ್ಲ. ಅಂದಹಾಗೆ, ಬಿಸಿಲಿಗೆ ಸಾಯುವ ಪದ್ಧತಿ ಅಷ್ಟು ಹಳೆಯದಲ್ಲ. 1897ರ ಕಾದಂಬರಿಯ ಡ್ರಾಕುಲಾ ಹಗಲಲ್ಲಿ ಬೀದಿಯಲ್ಲಿ ನಡೆಯುತ್ತಾನೆ, ಬೆಳಗಿನ ಬೆಳಕು ರಕ್ತಪಿಪಾಸುವನ್ನು ಕೊಂದದ್ದು 1922ರ ಜರ್ಮನಿಯ ಮೂಕಿಚಿತ್ರ ‘ನೊಸ್ಫೆರಾಟು’ವಿನಲ್ಲಿ.

ಪ್ರಶ್ನೆ: ರಕ್ತಪಿಪಾಸುಗಳು ಮನುಷ್ಯತ್ವದ ‘ಸ್ವಿಚ್’ ಅನ್ನು ದೀಪದಂತೆ ಆರಿಸಿಕೊಂಡರೆ ಅವರಿಗೆ ದುಃಖವೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಆ ಸ್ಥಿತಿಯಲ್ಲಿ ಮಾಡಿದ ಕೊಲೆಗೆ ಹೊಣೆ ಯಾರು? (ಶಿಕ್ಷಕ, ಸಂಡೂರು)

ಉತ್ತರ: ‘ಕುಡಿದ ಅಮಲಿನಲ್ಲಿ ಹೊಡೆದುಬಿಟ್ಟೆ’ ಎನ್ನುವವನನ್ನು ನಮ್ಮ ಓಣಿಯ ಹಿರಿಯರು ಕೇಳುವುದು ಒಂದೇ ಮಾತು: ಕುಡಿಯುವ ಮುಂಚೆ ಮೈಮೇಲೆ ಪ್ರಜ್ಞೆ ಇತ್ತಲ್ಲ? ಸ್ವಿಚ್ ತಾನೇ ಆರಿಸಿಕೊಂಡವನಿಗೆ ಈ ಪ್ರಶ್ನೆ ಸಾಕು. ಆದರೆ ಮೂರನೆಯ ಸೀಸನ್ನಿನಲ್ಲಿ ಸ್ಟೆಫನ್‌ನಿಂದ ಅದನ್ನು ಬಲವಂತವಾಗಿ ಆರಿಸುವವನು ಕ್ಲೌಸ್ ಎಂಬ ಇನ್ನೊಬ್ಬ ರಕ್ತಪಿಪಾಸು. ನಾಲ್ಕನೆಯದರಲ್ಲಿ, ತಮ್ಮನನ್ನು ಕಳೆದುಕೊಂಡು ಕುಸಿದಿದ್ದ ಎಲೆನಾಗೆ ಆರಿಸು ಎಂದವನು ಡೇಮನ್. ಆಗ ಅವಳು ಅವನ ರಕ್ತದಿಂದಲೇ ರಕ್ತಪಿಪಾಸುವಾಗಿ, ಅವನ ಮಾತು ಮೀರಲಾಗದ ಒಂದು ಬಂಧಕ್ಕೆ ಸಿಲುಕಿದ್ದಳು. ಅವಳು ಮೊದಲೇ ಅವನನ್ನು ಪ್ರೀತಿಸುತ್ತಿದ್ದುದರಿಂದಲೇ ಆ ಬಂಧ ಹುಟ್ಟಿತು ಎಂದು ಕಥೆ ಸಮಜಾಯಿಷಿ ಕೊಡುತ್ತದೆ. ಪ್ರೀತಿಸಿದ್ದಕ್ಕೇ ವಿಧೇಯತೆ ದಂಡವಾಗುವುದಾದರೆ ಅದು ವಕೀಲರು ಕೋರ್ಟಿನಲ್ಲಿ ಹೇಳುವ ಸಮಜಾಯಿಷಿಯೇ ಹೊರತು ಪ್ರೇಮಿ ಹೇಳುವುದಲ್ಲ.

ಪ್ರಶ್ನೆ: ಮಗಳಿಗೆ ಹದಿನಾರು. ರಾತ್ರಿಯೆಲ್ಲ ಇದನ್ನೇ ನೋಡುತ್ತಾಳೆ, ಡೇಮನ್‌ನ ಚಿತ್ರ ಗೋಡೆಯ ಮೇಲಿದೆ. ಮೊಬೈಲ್ ಕಿತ್ತುಕೊಳ್ಳಲೇ? (ಗೃಹಿಣಿ, ಸಿಂಧನೂರು)

ಉತ್ತರ: ಕಿತ್ತುಕೊಂಡರೆ ಗೆಳತಿಯ ಮನೆಯಲ್ಲಿ ನೋಡುತ್ತಾಳೆ. ನಾನು ಚಿಕ್ಕವನಿದ್ದಾಗ ಸಿರುಗುಪ್ಪದ ಕಡೆಯ ನಮ್ಮ ಹಳ್ಳಿಯಲ್ಲಿ ದೆವ್ವ ಬಂದು ಬಾಗಿಲು ತಟ್ಟುತ್ತದೆಂಬ ಸುದ್ದಿ ಹಬ್ಬಿ, ಮನೆ ಮನೆಯ ಬಾಗಿಲ ಮೇಲೆ ಇದ್ದಿಲಿನಲ್ಲಿ ‘ನಾಳೆ ಬಾ’ ಎಂದು ಬರೆದಿದ್ದರು. ನಮ್ಮ ದೆವ್ವ ಅಕ್ಷರಸ್ಥೆ, ಮೇಲಾಗಿ ಮರ್ಯಾದಸ್ಥೆ, ಓದಿಕೊಂಡು ಹಿಂದಿರುಗುತ್ತಿದ್ದಳು. ಮಿಸ್ಟಿಕ್ ಫಾಲ್ಸ್‌ನ ರಕ್ತಪಿಪಾಸುವೂ ಮನೆಯವರು ಕರೆಯದೆ ಹೊಸ್ತಿಲು ದಾಟಲಾರ, ಆದರೆ ಒಮ್ಮೆ ಒಳಗೆ ಬಾ ಎಂದರೆ ಆ ಕರೆಯನ್ನು ಹಿಂತೆಗೆದುಕೊಳ್ಳಲಾಗದು. ಹಾಗೆಂದೇ ಎರಡನೆಯ ಸೀಸನ್ನಿನಲ್ಲಿ ಅಣ್ಣ ತಮ್ಮಂದಿರು ತಮ್ಮ ಮನೆಯ ಪತ್ರವನ್ನೇ ಎಲೆನಾಳ ಹೆಸರಿಗೆ ಮಾಡಿಸಿ, ಅವಳು ಕರೆಯುವ ತನಕ ತಾವೇ ಹೊಸ್ತಿಲ ಹೊರಗೆ ನಿಂತಿರುತ್ತಾರೆ. ನಿಮ್ಮ ಮಗಳಿಗೆ ಇದೆಲ್ಲ ಬಾಯಿಪಾಠವಿರುತ್ತದೆ, ಕೇಳಿದರೆ ಖುಷಿಯಿಂದ ಹೇಳುತ್ತಾಳೆ.

ಒಂದು ರಾತ್ರಿ ನೀವೂ ಪಕ್ಕದಲ್ಲಿ ಕುಳಿತುಕೊಳ್ಳಿ. ಮೊದಲ ಸೀಸನ್ನಿನ ನಾಲ್ಕನೆಯ ಕಂತನ್ನೇ ಹಾಕಿಸಿ. ಶಾಲು ಜಾರುವ ಆ ಗಳಿಗೆಯಲ್ಲಿ ಪರದೆಯನ್ನು ನೋಡಬೇಡಿ, ಮಗಳ ಮುಖವನ್ನು ನೋಡಿ. ಅವಳು ಏನು ಹೇಳಿದಳೆಂದು ನನಗೆ ಬರೆಯಿರಿ.